ದಿನಾಂಕ ಅಸ್ಪಷ್ಟ

ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬಂದ ಇಸ್ತ್ರಿ ಅಂಗಡಿಯಾಕೆ ಇನ್‌ಸ್ಪೆಕ್ಟರ ಮೇಜಿನ ಮೇಲೆ ಮೂರು ಅರ್ಜಿ ಹರಡಿದಳು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮೂರು ಸಲ ಕೊಟ್ಟಿದ್ದು. ಎಲ್ಲದರ ಮೇಲೂ ಒಂದೇ ಮೊಹರು: ‘ದಿನಾಂಕ ಅಸ್ಪಷ್ಟ. ತಿರಸ್ಕೃತ.’

“ನಮ್ಮ ಬೀದಿಯ ಬಾಡಿಗೆಯವರದ್ದೆಲ್ಲ ಇದೇ ಕತೆ ಸಾರ್. ನಾಳೆಯೇ ಕೊನೆ. ಓಟಿಲ್ಲದವರು ಅಂತ ನಲ್ಲಿಗೆ ನೀರೂ ಬಿಡ್ತಿಲ್ಲ.”

“ಅರ್ಜಿ ತಗೊಳ್ಳೋ ಗುಮಾಸ್ತ ಕಾಸು ಕೇಳಿದ್ನಾ?”

“ಇಲ್ಲ ಸಾರ್. ‘ಅಕ್ಕಾ’ ಅಂತ ಮರ್ಯಾದೆಯಿಂದಲೇ ಮಾತಾಡ್ತಾನೆ.”

ಇನ್‌ಸ್ಪೆಕ್ಟರ ಅನುಮಾನ ಗಟ್ಟಿಯಾದದ್ದು ಆಗಲೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ, ಸರಿ. ಆದರೆ ದಕ್ಷಿಣೆಯೂ ಬೇಡದ ಪೂಜಾರಿಯನ್ನು ಅವರು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಅರ್ಜಿಗಳ ಉಳಿದ ಅಕ್ಷರಗಳೆಲ್ಲ ಮುತ್ತು ಪೋಣಿಸಿದಂತಿದ್ದವು, ದಿನಾಂಕವಷ್ಟೇ ಕಲಸಿಹೋಗಿತ್ತು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮಹಿಳಾ ಕಾನ್‌ಸ್ಟೆಬಲ್ ಮಫ್ತಿಯಲ್ಲಿ, ಅದೇ ಬೀದಿಯ ವಿಳಾಸವಿದ್ದ ಅರ್ಜಿ ಹಿಡಿದು ವಾರ್ಡ್ ಕಚೇರಿಯ ಕೌಂಟರಿಗೆ ಹೋದಳು. ಇನ್‌ಸ್ಪೆಕ್ಟರು ಪಕ್ಕದ ಬೆಂಚಿನಲ್ಲಿ ಪತ್ರಿಕೆ ಬಿಡಿಸಿ ಕೂತರು.

ಗುಮಾಸ್ತ ವಿಳಾಸ ಓದಿದ. “ಅಕ್ಕಾ, ದಿನಾಂಕ ನನ್ನೆದುರೇ ಹಾಕ್ಬೇಕು. ಈ ಪೆನ್ನಲ್ಲೇ.”

ದಾರ ಕಟ್ಟಿದ ಶಾಯಿ ಪೆನ್ನು. ಅವಳು ಬರೆದು ಕೊಟ್ಟಳು. ಅವನು ಹಾಳೆ ತಿರುವುವವನಂತೆ ಸ್ಪಂಜಿನ ಬಟ್ಟಲಿಗೆ ಹೆಬ್ಬೆರಳು ಅದ್ದಿ, ಆ ಹಸಿ ಬೆರಳನ್ನು ದಿನಾಂಕದ ಮೇಲೆ ಎಳೆದ. ಅರ್ಜಿ ಇದ್ದದ್ದೇ ಒಂದು ಹಾಳೆ. ತಿರುವಲು ಎರಡನೆಯದಿರಲಿಲ್ಲ.

ಇನ್‌ಸ್ಪೆಕ್ಟರು ಎದ್ದು ಬಂದರು. “ಯಾರು ಹೇಳಿ ಮಾಡಿಸಿದ್ದು?”

“ನಮ್ಮಣ್ಣನಿಗೆ ಏನೂ ಗೊತ್ತಿಲ್ಲ ಸಾರ್!”

ಅಣ್ಣನ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಪಂಚರೆದುರು ಪಂಚನಾಮೆ ಬರೆದು ಪೆನ್ನು, ಬಟ್ಟಲು ಜಪ್ತಿ ಮಾಡಿದರು. ನಾಲ್ಕೂವರೆಗೆ ಬಂಧನ. ಬೇರೊಬ್ಬ ಅಧಿಕಾರಿ ಬಂದು ಕೂತು ಬೀದಿಯವರ ಅರ್ಜಿಗಳನ್ನು ಹೊಸದಾಗಿ ತೆಗೆದುಕೊಂಡ. ಇಸ್ತ್ರಿಯಾಕೆ ಈ ಸಲ ಪೆನ್ನು ಮನೆಯಿಂದಲೇ ತಂದಿದ್ದಳು.

ಗುಮಾಸ್ತನ ಹೇಳಿಕೆ ಚಿಕ್ಕದು. ಸಾಕಿ ಬೆಳೆಸಿದ ಅಣ್ಣ ಕಳೆದ ವಾರ್ಡ್ ಚುನಾವಣೆಯಲ್ಲಿ ಸೋತ ಮೇಲೆ ಮನೆಯ ಹೊಸ್ತಿಲು ದಾಟಿರಲಿಲ್ಲ, ಯಾರೊಡನೆಯೂ ಮಾತಿಲ್ಲ. ಬಾಡಿಗೆಯವರೆಲ್ಲ ಎದುರಾಳಿಯ ಕಡೆ. ಅವರಿಗೆ ಓಟು ಸಿಕ್ಕಿ ಅಣ್ಣ ಇನ್ನೊಮ್ಮೆ ಸೋತರೆ ಉಳಿಯುವುದಿಲ್ಲ ಎಂಬ ಹೆದರಿಕೆ.

ಆ ಸಂಜೆ ಅಣ್ಣ ಠಾಣೆಗೆ ನಡೆದುಕೊಂಡೇ ಬಂದ. ಲಾಕಪ್ಪಿನ ಸರಳು ಹಿಡಿದು ನಿಂತ.

“ಪೆದ್ದಾ, ಈ ಸಲ ನಾನು ನಿಲ್ತಾನೇ ಇಲ್ವಲ್ಲೋ. ಒಂದು ಮಾತು ಕೇಳ್ಬಾರ್ದಿತ್ತಾ?”