ಬಾದಾಮಿ ಮರದ ಒಳಗಡೆ ಕೊಂಬೆ

"ನಿಲ್ಲಿ! ಇನ್ನೊಂದು ಹೆಜ್ಜೆ ಇಡ್ಬೇಡಿ!"

ಮುರಿದ ಬೇಲಿಯೊಳಗೆ ಕಾಲಿಡಲು ಹೊರಟಿದ್ದ ಜ್ಲಾಟಿನಾ ಅಲ್ಲೇ ನಿಂತಳು. ಮಿಲಿಟರಿ ಕ್ಯಾಂಪ್ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಅಲ್ಲಿ ಅವಳನ್ನು ತಡೆಯುವವರು ಯಾರೂ ಇರಲಿಲ್ಲ... ಇವತ್ತಿನವರೆಗೆ!

ಎದುರಿಗೆ ಸಮವಸ್ತ್ರದ ಯುವಕ, ಕೈಯಲ್ಲಿ ಬಣ್ಣದ ಡಬ್ಬಿ. ಅವನ ಹಿಂದಿದ್ದ ಬಾದಾಮಿ ಮರದ ಸುತ್ತ ಕೆಂಪು ಬಳಿದ ಕಲ್ಲುಗಳು.

"ನಮ್ಮೂರ ಮರಕ್ಕೆ ಗುರುತು ಹಾಕೋಕೆ ನೀವ್ಯಾರ್ರೀ?"

"ಲ್ಯುಬೆನ್. ಸೇನೆಯವನು. ಮರದ ಬುಡದಲ್ಲಿ ಸಿಡಿಯದ ಹಳೇ ಫಿರಂಗಿ ಷೆಲ್‌ಗಳಿವೆ. ಅಲ್ಲೇ ಸಿಡಿಸಿಬಿಡಿ ಅಂತ ಆದೇಶ. ಆದ್ರೆ ನಾನು..."

"ಸಿಡಿಸೋದಾ? ಮರ ಸಮೇತ?"

ಅವನ 'ಆದ್ರೆ' ಕೇಳುವಷ್ಟು ತಾಳ್ಮೆ ಅವಳಿಗೆಲ್ಲಿತ್ತು? ಬಿರಬಿರನೆ ಹೊರಟೇಬಿಟ್ಟಳು.

ಅವಳು ಊರಿನ ವಾಚನಾಲಯ ನೋಡಿಕೊಳ್ಳುವವಳು. ಕ್ಯಾಂಪಿನ ಚರಿತ್ರೆ ಬರೆಯುತ್ತಿದ್ದಳು. ಮಾರ್ಚ್ ಒಂದಕ್ಕೆ ಬಲ್ಗೇರಿಯಾದಲ್ಲಿ ಎಲ್ಲರೂ ಬೇಕಾದವರ ಮಣಿಕಟ್ಟಿಗೆ ಕೆಂಪು-ಬಿಳಿ ಉಣ್ಣೆದಾರ ಕಟ್ಟುತ್ತಾರೆ. ಮೊದಲ ಹೂಬಿಟ್ಟ ಮರ ಕಂಡಾಗ ಅದನ್ನು ಬಿಚ್ಚಿ ಕೊಂಬೆಗೆ ಕಟ್ಟಬೇಕು. ಕ್ಯಾಂಪ್ ಇದ್ದಾಗ ಈ ಊರಿನ ಹುಡುಗಿಯರು ಮಾತ್ರ ಬೇಲಿಯಾಚೆಗೆ ಚಾಚಿದ ಬಾದಾಮಿ ಕೊಂಬೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಯಾಕೆ ಅಂತ ಬೇರೆ ಹೇಳಬೇಕೇ? ಒಳಗೆ ಸಿಪಾಯಿಗಳಿದ್ದರು!

ಅವಳ ತಲೆ ಕೊರೆಯುತ್ತಿದ್ದುದು ಒಂದೇ ಪ್ರಶ್ನೆ. ಬೇಲಿಯ ಒಳಗಡೆ ಕೊಂಬೆಯಲ್ಲೂ ದಾರಗಳಿದ್ದವು! ಬೇಲಿಯ ಹತ್ತಿರ ಬಂದರೆ ಸಿಪಾಯಿಗೆ ಶಿಕ್ಷೆಯಾಗುತ್ತಿತ್ತು. ಹಾಗಾದರೆ ಕಟ್ಟಿದವರು ಯಾರು?

ಸುದ್ದಿ ತಿಳಿದು ಊರೇ ಲ್ಯುಬೆನ್‌ನನ್ನು ಕಂಡರೆ ಮುಖ ತಿರುಗಿಸಿತು. ಬೇಕರಿಯವಳು ರೊಟ್ಟಿಗಳ ಮುಂದೆಯೇ ನಿಂತು "ರೊಟ್ಟಿ ಖಾಲಿ" ಅಂದಳು. ಜ್ಲಾಟಿನಾ ಒಳಗೊಳಗೇ ಖುಷಿಪಟ್ಟಳು.

ಒಂಬತ್ತನೇ ದಿನ ಟೋಂಕಾ ಅತ್ತೆ ಏದುಸಿರು ಬಿಡುತ್ತಾ ವಾಚನಾಲಯಕ್ಕೆ ಬಂದಳು. ಮದುವೆಯನ್ನೇ ಆಗದೆ ಜ್ಲಾಟಿನಾಳನ್ನು ಸಾಕಿದವಳು ಅವಳು.

"ಅಯ್ಯೋ ಹುಚ್ಚೀ, ಆ ಹುಡುಗ ಮರ ಉಳಿಸ್ತಿದಾನೆ ಕಣೇ! ಮೇಲಿನವರ ಹತ್ರ ಕಾಡಿ ಬೇಡಿ ಒಪ್ಪಿಸಿದಾನಂತೆ. ಹೊಟ್ಟೆ ಮೇಲೆ ಮಲಗಿ, ಬೇರು ಕಡೀದೆ, ಕೈಯಲ್ಲೇ ಮಣ್ಣು ಕೆರೀತಿದಾನೆ. ಬೇಲಿಯಿಂದ ನೋಡ್ಬಂದೆ... ಇನ್ನೊಂದೇ ಷೆಲ್ ಬಾಕಿಯಂತೆ!"

ಜ್ಲಾಟಿನಾ ಕೈಲಿದ್ದ ಪುಸ್ತಕ ಬಿಟ್ಟು ಎದ್ದಳು. 'ದೇವರೇ... ಅವನ ಕೈ ಜಾರಿದರೆ?'

ಅವಳು ಓಡಿದಳು. ಬೇಲಿಯ ಬಳಿ ಕಾವಲಿದ್ದ ಸಿಪಾಯಿ ಅವಳನ್ನು ದೂರದ ಮರಳು ಚೀಲಗಳ ಹಿಂದೆ ಕೂರಿಸಿದ. ಒಂದು ಗಂಟೆ ಕಳೆಯಿತು. ಅವಳಿಗೆ ಬೈಗುಳಗಳೆಲ್ಲ ಮರೆತೇಹೋದವು. ಬಾಯಲ್ಲಿ ಉಳಿದದ್ದು ಅವನ ಹೆಸರೊಂದೇ.

ಕೊನೆಗೆ ಸೀಟಿ ಕೇಳಿಸಿತು. ಮುಗಿಯಿತು! ಲ್ಯುಬೆನ್ ಕೆಂಪು ಕಲ್ಲುಗಳಿಗೆ ಬಿಳಿ ಬಳಿಯುತ್ತಾ ಬಂದ.

"ಈಗ ಬರಬಹುದು, ಬಿಳಿ ಅಂದ್ರೆ ಭಯವಿಲ್ಲ."

"ಮೊದಲೇ ಹೇಳೋದಲ್ವಾ!"

"ಹೇಳೋಕೆ ಬಿಟ್ರಾ ನೀವು?"

ಅವಳು ತಲೆ ತಗ್ಗಿಸಿದಳು. ಹಿಂದೆಯೇ ಬಂದಿದ್ದ ಅತ್ತೆ ಕಿಸಕ್ಕನೆ ನಕ್ಕಳು.

ಮರ ಹೂಬಿಟ್ಟಿತ್ತು. ಒಳಗಡೆ ಕೊಂಬೆಯನ್ನು ಅಷ್ಟು ಹತ್ತಿರದಿಂದ ಜ್ಲಾಟಿನಾ ನೋಡಿದ್ದೇ ಇಲ್ಲ.

"ಇವನ್ನ ಯಾರು ಕಟ್ಟಿದ್ದು? ಗಂಟೇ ಬೇರೆ ಥರ ಇದೆ..."

"ಬೂಟಿನ ಲೇಸಿಗೆ ಹಾಕೋ ಗಂಟು. ಸೇನೆ ಸೇರಿದ ದಿನವೇ ಕಲಿಸ್ತಾರೆ. ಸಿಪಾಯಿಗಳೇ ಹೊರಗಿನ ದಾರ ಬಿಚ್ಚಿ, ಒಳಗೆ ಕಟ್ಟಿದಾರೆ. ಶಿಕ್ಷೆಗೂ ಹೆದರದೆ! 'ನನಗೂ ನೀನು ಇಷ್ಟ' ಅಂತ ಆ ಹುಡುಗಿಗೆ ಹೇಳೋಕೆ ಬೇರೆ ದಾರಿ ಎಲ್ಲಿತ್ತು ಪಾಪ? ಇಲ್ನೋಡಿ, ಇದರಲ್ಲಿ ನೀಲಿ ಮಣಿ ಬೇರೆ!"

ಅತ್ತೆಯ ನಗು ನಿಂತಿತು.

"ನೀಲಿ ಮಣಿನಾ?" ಅವಳು ಬೆರಳಿಂದ ಅದನ್ನು ಮುಟ್ಟಿದಳು. "ನಾನು ಪೋಣಿಸಿದ್ದು... ಮರುದಿನ ದಾರ ಇರ್ಲಿಲ್ಲ. ನಾನು ಇಷ್ಟಪಟ್ಟ ಸಿಪಾಯಿ ಕಿತ್ತೆಸೆದ ಅಂದ್ಕೊಂಡೆ. ಅದೇ ವಾರ ಅವನಿಗೆ ವರ್ಗ ಆಯ್ತು. ಒಂದು ಕಾಗದಾನೂ ಬರೀಲಿಲ್ಲ ನಾನು... ಮೂವತ್ತು ವರ್ಷ ಅವನನ್ನ ಬೈದೆ ಕಣೇ!"

ಅತ್ತೆ ಅಳುತ್ತಲೇ ನಕ್ಕಳು. ಕಣ್ಣೊರೆಸಿಕೊಂಡು ಜ್ಲಾಟಿನಾಳನ್ನು ಲ್ಯುಬೆನ್ ಕಡೆಗೆ ನೂಕಿದಳು.

"ನೀನಾದ್ರೂ ಬಾಯ್ಬಿಟ್ಟು ಹೇಳೇ!"

ಜ್ಲಾಟಿನಾ ತನ್ನ ಮಣಿಕಟ್ಟಿನ ದಾರ ಬಿಚ್ಚಿದಳು. ಆದರೆ ಕೊಂಬೆಗೆ ಕಟ್ಟಲಿಲ್ಲ. ಮಣ್ಣು ಮೆತ್ತಿದ ಅವನ ಕೈ ಹಿಡಿದಳು.

"ಈ ವರ್ಷ ನಿನಗೆ ಯಾರೂ ಕಟ್ಟಿಲ್ಲ ಅಲ್ವಾ?"

"ಊರಲ್ಲಿ ರೊಟ್ಟಿನೇ ಕೊಡ್ಲಿಲ್ಲ, ಇನ್ನು ದಾರ ಯಾರು ಕೊಡ್ತಾರೆ?"

"ನಾನು ಕೊಡ್ತೀನಿ. ಎರಡನ್ನೂ... ನೀನು ಇಲ್ಲೇ ಇರೋದಾದ್ರೆ."

ಅವಳು ದಾರವನ್ನು ಅವನ ಅಂಗೈಯಲ್ಲಿಟ್ಟಳು. ಲ್ಯುಬೆನ್ ಅದನ್ನು ನೀಲಿ ಮಣಿಯ ಪಕ್ಕದಲ್ಲೇ, ಒಳಗಡೆ ಕೊಂಬೆಗೆ, ಬೂಟಿನ ಗಂಟು ಹಾಕಿ ಬಿಗಿಯಾಗಿ ಕಟ್ಟಿದ.

"ಗೊತ್ತಾಯ್ತಾ?"

"ಗೊತ್ತಾಯ್ತು. ಆದ್ರೂ... ಬಾಯಲ್ಲಿ ಹೇಳು!"

"ನನಗೂ ನೀನು ಇಷ್ಟ, ಜ್ಲಾಟಿನಾ."