ಅಲಾರಂ ಕೂಗದ ರಾತ್ರಿ

ಟಕ್...

ಅಷ್ಟೇ ಸದ್ದು. ವೆಂಕಟಲಕ್ಷ್ಮಿ ಕತ್ತಲಲ್ಲೇ ಕಣ್ಣು ತೆರೆದಳು. ಮೊಬೈಲಿನಲ್ಲಿ ಒಂದೂವರೆ ಗಂಟೆ.

ಹಿತ್ತಲಾಚೆಯ ಮೋಟರ್ ಶೆಡ್ಡಿನಲ್ಲಿ ಮೇನ್ ಸ್ವಿಚ್ ಎತ್ತಿದ ಸದ್ದು ಅದು. ಆದರೆ ಮೋಟರ್ ಓಡಲಿಲ್ಲ. ತೊಟ್ಟಿಗೆ ನೀರೂ ಬೀಳಲಿಲ್ಲ...

ಕಿಟಕಿಯಿಂದ ನೋಡಿದಳು. ಅಪ್ಪ ಅಂಜನಪ್ಪ ಶೆಡ್ಡಿಗೆ ಬೀಗ ಹಾಕಿ, ಟಾರ್ಚನ್ನೂ ಹೊತ್ತಿಸದೆ, ರಾಗಿ ಹೊಲದ ನಡುವಿನ ಅಟ್ಟಣೆಯತ್ತ ನಡೆಯುತ್ತಿದ್ದ. ಹೊಲದ ಮೂಲೆಯಲ್ಲಿ ದಿನಾ ರಾತ್ರಿ ಮಿನುಗುವ ಕೆಂಪು ಚುಕ್ಕಿ ಇವತ್ತು ಕಾಣಲಿಲ್ಲ.

ಅದು ಬೇಲಿಯ ಅಲಾರಂ ಪೆಟ್ಟಿಗೆಯ ದೀಪ. ಆನೆ ತಂತಿ ತಳ್ಳಿದರೆ ನಾಟ್ರಾಂಪಾಳ್ಯದ ಊರೆಲ್ಲ ಏಳುವಂತೆ ಕೂಗುವ ಪೆಟ್ಟಿಗೆ.

ಅಲಾರಂ ಆಫ್ ಆಗಿದೆ. ಶೆಡ್ಡಿನಲ್ಲಿ ಕರೆಂಟು ಆನ್ ಆಗಿದೆ.

ಅಪ್ಪ ಮತ್ತೆ ಬೇಲಿಗೆ ಲೈನ್ ಕರೆಂಟು ಕೊಟ್ಟಿದ್ದಾನೆ!

'ಈಗಲೇ ಹೋಗಿ ಕೇಳಲಾ? ಕೇಳಿದರೆ ಕೂಗಾಡ್ತಾನೆ. ಮೊನ್ನೆ ಆನೆ ತುಳಿದ ಅರ್ಧ ಎಕರೆ ತೋರಿಸ್ತಾನೆ. ಬೆಳಗ್ಗೆ ಹೇಳಿದರಾಯ್ತು...'

ಕಂಬಳಿ ಎಳೆದುಕೊಂಡಳು. ನಿದ್ದೆ ಬರಲಿಲ್ಲ. ಆ ಪೆಟ್ಟಿಗೆ ನೆನಪಾದರೆ ಒಂದು ಮುಖವೂ ನೆನಪಾಗುತ್ತಿತ್ತು.

ಮುನೀಶ್.

ವರ್ಷದ ಹಿಂದೆ ಆ ಪೆಟ್ಟಿಗೆ ಕಟ್ಟಲು ಬಂದವನು. ಉದ್ದನಪಲ್ಲಿಯ ಹುಡುಗ. ಹೊಸೂರಿನ ಫ್ಯಾಕ್ಟರಿ ಬಿಟ್ಟು, ಕಾಡಂಚಿನ ಹೊಲಗಳಿಗೆಲ್ಲ ಅಲಾರಂ ಕಟ್ಟುವ ಕೆಲಸ ಹಿಡಿದಿದ್ದ. ಅವಳು ಅಂಚೆಟ್ಟಿಯ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ದಿನಕ್ಕೊಂದು ಪದದ ಹುಟ್ಟು-ಅರ್ಥ ಬೋರ್ಡಿನ ಮೇಲೆ ಬರೆಯುವುದು ಅವಳ ರೂಢಿ. ಅವತ್ತು ಜಗಲಿಯಲ್ಲಿ ನಿಘಂಟು ಬಿಡಿಸಿಕೊಂಡು ಕೂತಿದ್ದಳು. ಅವನು ಎದುರಿಗೇ ಬಂದು ನಿಂತ.

"ಟೀಚರಮ್ಮ, ಈ ಪೆಟ್ಟಿಗೆ ಜೊತೆ ಬಂದ ಪೇಪರಲ್ಲಿ ಅಲಾರ್ಮ್ ಅಂತ ಐತೆ. ನಮ್ಮೋರೆಲ್ಲ ಅಲಾರಂ ಅಂತಾರೆ. ನಮ್ದು ತಪ್ಪಾ?"

"ತಪ್ಪೇನಿಲ್ಲ. ಹಿಂದೆ ಇಂಗ್ಲಿಷಿನವರೂ ಅಲಾರಂ ಅಂತಿದ್ರು."

"ಬುಡ್ರೀ... ಸುಳ್ಳು!"

"ನಿಘಂಟು ತೋರಿಸ್ಲಾ?"

ತೋರಿಸಿದಳು. ಇಟಲಿಯಲ್ಲಿ ಶತ್ರು ಬಂದರೆ ಕಾವಲಿನವರು 'ಆಯುಧ ಹಿಡೀರಿ!' ಅಂತ ಕೂಗುತ್ತಿದ್ದರಂತೆ. ಆ ಕೂಗೇ ಪದವಾಗಿ ಫ್ರೆಂಚಿಗೆ ಹೋಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಆಮೇಲೆ ಎಚ್ಚರಿಕೆಯ ಗಂಟೆಗೂ ಅದೇ ಹೆಸರು. ಎದೆಯೊಳಗೆ ಹುಟ್ಟುವ ಗಾಬರಿಗೂ ಅದೇ. ನಿದ್ದೆಯಿಂದ ಎಬ್ಬಿಸುವ ಗಡಿಯಾರಕ್ಕೂ ಅದೇ.

"ಅಂದ್ರೆ ಮೊದ್ಲು ಈ ಪೆಟ್ಟಿಗೇನೇ ಇರ್ಲಿಲ್ಲ?"

"ಇಲ್ಲ. ಮನುಷ್ಯನ ಗಂಟಲೇ ಅಲಾರಂ."

"ಹಂಗಾದ್ರೆ ನನ್ ಹೊಟ್ಟೆ ಮ್ಯಾಲೆ ಹೊಡೆದ್ರಿ ಟೀಚರಮ್ಮ!"

ಅವಳು ನಕ್ಕಳು. ಅಷ್ಟು ಜೋರಾಗಿ ನಕ್ಕು ಎಷ್ಟು ದಿನವಾಗಿತ್ತೋ!

ಅಂದಿನಿಂದ ಪ್ರತಿ ತಿಂಗಳ ಮೊದಲ ಶನಿವಾರ, ದನ ಬಿಡುವ ಮುಂಚೆಯೇ ಅವನು ಬರುತ್ತಿದ್ದ. ಬರಿಗೈಯಲ್ಲಿ ತಂತಿ ಎಳೆದು, ಅಲಾರಂ ಕೂಗಿದರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಜಗಲಿಯಲ್ಲಿ ಕಾಫಿ. ಕಾಫಿಯ ಜೊತೆ ಒಂದು ಪದ. ಅವಳು ಮೊಬೈಲಿನಲ್ಲಿ ಆ ದಿನಕ್ಕೆ ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಅಲಾರಂ ಇಟ್ಟು, 'ತಂತಿ ದಿನ' ಅಂತ ಹೆಸರನ್ನೂ ಕೊಟ್ಟಿದ್ದಳು.

ಆರು ತಿಂಗಳ ಹಿಂದೆ ಎಲ್ಲ ಮುರಿದುಬಿತ್ತು. ಬೇಲಿಗೆ ಕರೆಂಟು ಕೊಟ್ಟಿದ್ದಕ್ಕೆ ಅರಣ್ಯ ಇಲಾಖೆಯವರು ಬಂದು ಅಪ್ಪನನ್ನು ಜೀಪಿನಲ್ಲಿ ಕರೆದೊಯ್ದರು. ರಾತ್ರಿಯವರೆಗೆ ಕೂರಿಸಿ, ಇನ್ನೊಂದು ಸಲ ಆದರೆ ಜೈಲೇ ಅಂತ ಹೇಳಿ ಕಳಿಸಿದರು. ಕರೆಂಟು ಕೊಟ್ಟ ವಿಷಯ ಗೊತ್ತಿದ್ದದ್ದು ಮನೆಯವರಿಗೆ ಮತ್ತು ಮುನೀಶನಿಗೆ ಮಾತ್ರ... ಹಾಗಂತ ಅವಳು ತಿಳಿದಿದ್ದಳು.

"ನೀವೇ ಹೇಳಿದ್ದಲ್ವಾ?"

"ನಾನ್ ಹೇಳ್ಲಿಲ್ಲ."

"ನಂಬಲ್ಲ. ಇನ್ನು ಮೇಲೆ ತಂತಿ ನೋಡ್ಕೊಂಡು ಹಂಗೇ ಹೋಗಿ. ನಮ್ಮನೆ ಕಡೆ ಕೂಗಲೂಬೇಡಿ!"

ಅವನು ಹಾಗೇ ಮಾಡಿದ. ಕತ್ತಲಲ್ಲಿ ಬಂದು, ತಂತಿ ಎಳೆದು, ಯಾರನ್ನೂ ಕೂಗದೆ ಹೋಗಿಬಿಡುತ್ತಿದ್ದ...

ಮೊಬೈಲು ಹೊಡೆದುಕೊಂಡಿತು.

ನಾಲ್ಕೂಮುಕ್ಕಾಲು. ಅವಳು ಅಳಿಸದೇ ಉಳಿಸಿಕೊಂಡಿದ್ದ ಹೆಸರು ಪರದೆಯ ಮೇಲೆ ಹೊಳೆಯಿತು. 'ತಂತಿ ದಿನ.'

ಇವತ್ತು ಶನಿವಾರ. ಮೊದಲ ಶನಿವಾರ!

'ಅಯ್ಯೋ ದೇವರೇ... ಬರಿಗೈ!'

ಫೋನ್ ಮಾಡಿದಳು. ಸಿಗ್ನಲ್ ಇಲ್ಲ. ಶೆಡ್ಡಿನ ಬೀಗ ಜಗ್ಗಿದಳು. ಒಳಗೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಬೀಗದ ಕೈ ಅಪ್ಪನ ಹತ್ತಿರ. ಬದುವಿನ ಮೇಲೆ ಬರಿಗಾಲಲ್ಲಿ ಓಡಿದಳು. ಮುಗ್ಗರಿಸಿದಳು, ಎದ್ದಳು, ಮತ್ತೆ ಓಡಿದಳು. ಬಲಕ್ಕೆ ಕೈಗೆಟುಕುವಷ್ಟು ದೂರದಲ್ಲೇ ತಂತಿ ಅವಳ ಜೊತೆಗೇ ಬರುತ್ತಿತ್ತು.

ಹೊಲದ ಮೂಲೆಯಲ್ಲಿ ಒಂದು ಟಾರ್ಚು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನು ತೋಳು ಮಡಚುತ್ತಿದ್ದ. ಕೈ ಮುಂದಕ್ಕೆ ಚಾಚಿತು...

"ಮುನೀಶ್! ಮುಟ್ಬೇಡಿ! ಕರೆಂಟ್! ಕರೆಂಟ್!"

ಅದು ಅವಳ ಗಂಟಲೇ ಅಲ್ಲ ಅನಿಸಿತು. ಕೂಗು ಗುಡ್ಡಕ್ಕೆ ಬಡಿದು ವಾಪಸ್ ಬಂತು. ಊರಿನ ನಾಯಿಗಳೆಲ್ಲ ಒಟ್ಟಿಗೇ ಬೊಗಳಿದವು.

ತಂತಿಗೆ ಒಂದು ಗೇಣು ಉಳಿದಿದ್ದಾಗ ಅವನ ಕೈ ನಿಂತಿತು.

ಅವನು ನಿಧಾನಕ್ಕೆ ಟಾರ್ಚಿನ ಬೆಳಕನ್ನು ಕೆಳಗೆ ಬಿಟ್ಟ. ತಂತಿಯ ಬುಡದಲ್ಲಿ ಒಂದು ಮೊಲ ಬಿದ್ದಿತ್ತು. ಮೀಸೆ ಸುಟ್ಟಿತ್ತು. ಕಣ್ಣು ತೆರೆದೇ ಇತ್ತು.

"ಯಾವನ್ಲಾ ಅದು?" ಅಟ್ಟಣೆಯಿಂದ ಅಂಜನಪ್ಪ ಓಡಿಬಂದ. ಮುನೀಶನನ್ನು ನೋಡಿದ. ಮೊಲ ನೋಡಿದ. ನಿಂತಲ್ಲೇ ಕುಕ್ಕರಗಾಲಲ್ಲಿ ಕುಸಿದ. "ಇವತ್ತು ಶನಿವಾರಾನಾ? ಮರ್ತೋಗ್ಬುಟ್ಟೆ ಕಣಮ್ಮ... ಮರ್ತೇಬುಟ್ಟೆ..."

"ಮೊದ್ಲು ಆಫ್ ಮಾಡಪ್ಪಾ!"

ಅವನು ತಡವರಿಸುತ್ತ ಓಡಿದ. ದೂರದಲ್ಲಿ ಟಕ್ ಅಂತ ಸದ್ದಾಯಿತು.

ಅಂಜನಪ್ಪ ವಾಪಸ್ ಬರುವ ಹೊತ್ತಿಗೆ ಮುನೀಶ್ ಶೆಡ್ಡಿನ ಕಡೆಯಿಂದ ಎಳೆದಿದ್ದ ವೈರನ್ನು ಬಿಚ್ಚಿ ಸುತ್ತುತ್ತಿದ್ದ.

"ಯಜಮಾನ್ರೇ, ಈ ವೈರು ನನ್ ಜೊತೆ ಬತ್ತದೆ. ಇನ್ನೊಂದ್ಸಲ ಕಟ್ಟಿದ್ರೆ ನಾನೇ ಹೋಗಿ ಫಾರೆಸ್ಟ್ ಆಫೀಸ್ನಲ್ಲಿ ಹೇಳ್ತೀನಿ."

"ಅವತ್ತೂ ನೀನು ಹೇಳಿರ್ಲಿಲ್ಲ ಕಣ್ಲಾ," ಅಂದ ಅಂಜನಪ್ಪ, ಮಗಳ ಮುಖ ನೋಡದೆ. "ಲೈನ್‌ಮನ್ ಹೇಳಿದ್ದು. ನಂಗೆ ಆವಾಗ್ಲೇ ಗೊತ್ತಿತ್ತು. ನಮ್ ಹುಡುಗಿ ನಿನ್ ಮ್ಯಾಲೆ ಕೋಪ ಮಾಡ್ಕಂಡ್ಲು... ತಂತಿ ಕೆಲಸದ ಹುಡುಗ, ದೂರಾನೇ ಇರ್ಲಿ ಅಂತ ಸುಮ್ಕಾದೆ."

ಯಾರ ಉತ್ತರಕ್ಕೂ ಕಾಯದೆ ಅವನು ಮನೆಯತ್ತ ನಡೆದ. ಬೆನ್ನು ಒಮ್ಮೆಲೇ ಮುದಿಯಾದಂತೆ ಕಂಡಿತು.

ವೆಂಕಟಲಕ್ಷ್ಮಿ ಬದುವಿನ ಮೇಲೆ ಕೂತಳು.

"ಇನ್ನೊಂದ್ಸಲ ಯಾಕೆ ಹೇಳ್ಲಿಲ್ಲ ನೀವು?"

"ಒಂದ್ಸಲ ಹೇಳ್ದೆ. ನಂಬಲ್ಲ ಅಂದ್ರಿ. ಆಮ್ಯಾಕೆ ತಂತಿ ಎಳೆದಾಗೆಲ್ಲ, ಈ ಕೂಗಾದ್ರೂ ಟೀಚರಮ್ಮಂಗೆ ಕೇಳ್ತದೆ ಅಂದ್ಕಂತಿದ್ದೆ."

"ಕೇಳ್ತಿತ್ತು. ಪ್ರತಿ ತಿಂಗಳೂ ಹಾಸಿಗೆ ಮೇಲೆ ಎದ್ದು ಕೂತು ಕೇಳ್ತಿದ್ದೆ." ಅವಳು ಅವನತ್ತ ತಿರುಗಿದಳು. "ಮುನೀಶ್... ಸ್ವಿಚ್ ಎತ್ತಿದ್ದು ನಂಗೆ ಒಂದೂವರೆಗೇ ಗೊತ್ತಾಯ್ತು. ಅಪ್ಪಂಗೆ ಹೆದರಿ ಸುಮ್ನೆ ಮಲಗಿದ್ದೆ. ಮೂರು ಗಂಟೆ ಹೊತ್ತು!"

ಅವನು ಸುತ್ತಿದ ವೈರನ್ನು ಚೀಲಕ್ಕೆ ತುರುಕಿದ.

"ಕೊನೆಗೆ ಬಂದ್ರಲ್ಲ," ಅಂದ.

ಚೀಲದಿಂದ ಪುಸ್ತಕ ತೆಗೆದು, ಪೆನ್ನಿನ ತುದಿ ಕಚ್ಚಿ, 'ಅಲಾರಂ ಕೂಗಿತೇ?' ಅನ್ನುವ ಸಾಲಿನ ಮುಂದೆ 'ಕೂಗಿತು' ಅಂತ ಬರೆದ.

"ಸುಳ್ಳು ಬರೀತಿದ್ದೀರ."

"ಸುಳ್ಳೆಂಗಾಯ್ತದೆ? ಊರಿಗೆಲ್ಲ ಕೇಳ್ತಲ್ಲ! ಮನುಷ್ಯನ ಗಂಟಲೇ ಅಲಾರಂ ಅಂದೋರು ಯಾರು?"

ಅವಳು ನಗಲು ಹೋಗಿ ಅತ್ತುಬಿಟ್ಟಳು. ಅವನು ಪಕ್ಕದಲ್ಲಿ ಕೂತ. ಅವನ ಬಲಗೈಯನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು. ಬೆರಳು ಒಂದೊಂದನ್ನೇ ಮುಟ್ಟಿ ನೋಡಿದಳು.

"ನಂಗೆ ನೀವು ಬೇಕು ಮುನೀಶ್. ಇನ್ಮೇಲೆ ತಂತಿ ಮುಟ್ಟೋ ಮುಂಚೆ ನನ್ನ ಹೆಸರು ಕೂಗಿ."

"ಟೀಚರಮ್ಮ ಅಂತಲೋ? ಲಕ್ಷ್ಮೀ ಅಂತಲೋ?"

"ಹೆಂಗಾದ್ರೂ ಕೂಗಿ. ನಾನು ಬರೋವರ್ಗೂ ಕೈ ಹಿಂದಕ್ಕೇ ಇರ್ಲಿ."

"ಆಗ್ಲಿ ಲಕ್ಷ್ಮೀ."

ಬೆಳಕು ಹರಿಯುವ ಮುಂಚೆ ಇಬ್ಬರೂ ಸೇರಿ ಹುಣಸೆ ಮರದ ಬುಡದಲ್ಲಿ ಗುಂಡಿ ತೋಡಿ ಮೊಲವನ್ನು ಹೂತರು. ಮಣ್ಣು ಮುಚ್ಚುವಾಗ ಗುಡ್ಡದ ಆಚೆ ಎಲ್ಲೋ ಒಂದು ಕೊಂಬೆ ಲಟಕ್ಕನೆ ಮುರಿಯಿತು. ಇಬ್ಬರೂ ತಲೆ ಎತ್ತಿ, ಉಸಿರು ಹಿಡಿದು ಕೇಳಿದರು. ಮತ್ತೆ ಸದ್ದಿಲ್ಲ.

"ಏನಮ್ಮಾ ಟೀಚರಮ್ಮ!" ರಸ್ತೆಯಿಂದ ಪಕ್ಕದ ಹೊಲದ ಶ್ಯಾಮಣ್ಣ ಕೂಗಿದ. "ಎದೆ ಒಡ್ಯಂಗೆ ಕೂಗ್ಕಂಡ್ಯಲ್ಲ, ಏನಾಯ್ತು? ಆನೆ ಬಂದಿತ್ತಾ?"

ಒಂದೊಂದು ಪದವನ್ನೂ ತೂಗಿ ಆಡುವವಳು ಅವಳು. ಬೇಲಿಯಾಚೆಯ ಕಾಡನ್ನು ನೋಡಿದಳು. ಮುನೀಶನ ಚೀಲದಲ್ಲಿ ಉಬ್ಬಿಕೊಂಡಿದ್ದ ವೈರನ್ನು ನೋಡಿದಳು. ಮನೆಯ ಜಗಲಿಯಲ್ಲಿ ತಲೆ ತಗ್ಗಿಸಿ ಕೂತ ಅಪ್ಪನನ್ನು ನೋಡಿದಳು.

"ಹೂಂ ಶ್ಯಾಮಣ್ಣ... ಹೋಯ್ತು."

ಇಷ್ಟನ್ನು ಬಿಟ್ಟು ಇನ್ನೊಂದು ಮಾತು ಯಾರಿಗೂ ಹೇಳುವುದಿಲ್ಲ ಅಂತ, ಉಗುರಿನ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅವಳು ಅಲ್ಲೇ ನಿರ್ಧರಿಸಿಬಿಟ್ಟಳು.