ಚೂಪಾಸುರನೂ ತೆಂಗಿನಕಾಯಿ ಗಾತ್ರದ ರೌಟರೂ

ಬಹಳ ಹಿಂದೆ, ಮೊಳೆಗಳಿಗೆ ಇನ್ನೂ ತಲೆ ಮೂಡಿರದ ಕಾಲದಲ್ಲಿ, ಮೂಲೆಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಚೂಪಾಸುರ ಎಂಬ ಮಾಂತ್ರಿಕನಿದ್ದ. ಅವನ ಮೂಗೂ ಚೂಪು, ಮಂತ್ರವೂ ಚೂಪು. ಮರದ ಚೂಪು ಅಂಚಿಗೆ ಯಾರ ತಲೆ ತಾಗಿದರೂ ಅವರು ಮರದ ಗೊಂಬೆಯಾಗುತ್ತಿದ್ದರು. ದೊಡ್ಡವರು ಎತ್ತರ, ಬಚಾವಾದರು. ಮಕ್ಕಳು ಸಿಕ್ಕಿಬಿದ್ದರು. ಅವನು ಗೊಂಬೆಗಳನ್ನು ಗಾಡಿಗೆ ತುಂಬಿಕೊಂಡು ಹೋಗುತ್ತಿದ್ದ.

ಅಲ್ಲಿ ಜವರ ಎಂಬ ತರಲೆ ಹುಡುಗನಿದ್ದ. ಅವನ ತಂಗಿ ಮುದ್ದಿ ಅಂಬೆಗಾಲಿಡುತ್ತಿದ್ದಳು. ಮನೆಯಲ್ಲೊಂದು ಗಿಡ್ಡ ಮೇಜು, ಅದಕ್ಕೂ ಆ ಮಂತ್ರ ತಗುಲಿತ್ತು. ಆಚೆ ಎಸೆದರೆ ತಾನೇ ನಡೆದು ಒಳಗೆ ಬರುತ್ತಿತ್ತು. ಉಜ್ಜಿದರೆ ಅಂಚು ಮತ್ತೆ ಬೆಳೆಯುತ್ತಿತ್ತು. ಜೀವವಿರುವ ಹಲ್ಲು ಕೊರೆದರೆ ಮಾತ್ರ ಬೆಳೆಯುತ್ತಿರಲಿಲ್ಲ.

"ನಾಳೆ ಎದ್ದು ನಿಲ್ತಾಳೆ ಕಣೋ," ಅಂದಳು ಅವ್ವ. "ಹಿಡ್ಕೊಳ್ಳೋದು ಆ ಮೇಜನ್ನೇ. ಹೋಗಿ ಒಂದು ರೌಟರ್ ತಗೊಂಡು ಬಾ."

ರೌಟರ್ ಅಂದರೆ ಆ ರಾಜ್ಯದಲ್ಲಿ ಒಂದು ಪ್ರಾಣಿ. ಹೊಟ್ಟೆಯಡಿ ಒಂದೇ ಹಲ್ಲು. ಅದು ಗಿರಗಿರ ತಿರುಗಿ ಮರದ ಅಂಚನ್ನು ಉರುಟು ಮಾಡುತ್ತದೆ. ಅವನ್ನು ಸಾಕುತ್ತಿದ್ದವಳು ಸುಂಕಜ್ಜಿ. ಜವರ ಅವಳ ಹತ್ತಿರ ಹೋದ.

"ದಿನಾ ಕೆಲಸ ಇದೆಯೇನೋ?" ಕೇಳಿದಳು ಅಜ್ಜಿ.

"ಇಲ್ಲಜ್ಜಿ. ಈಗೊಂದು ಮೇಜು, ಆಮೇಲೆ ಹಬ್ಬಕ್ಕೊಂದು ಸಲ."

"ಕಣ್ಣು ಮಾತ್ರ ಎಮ್ಮೆ ಗಾತ್ರದ್ದರ ಮೇಲೇ ಇದೆ. ಹಿಡಿದು ನೋಡು, ಆಮೇಲೆ ಮಾತಾಡು."

ಜವರ ದೊಡ್ಡದನ್ನು ರದ್ದಿ ಹಲಗೆಯ ಮೇಲೆ ಬಿಟ್ಟ. ಅದು ಅಂಚು ತಿಂದಿತು, ಹಲಗೆ ತಿಂದಿತು, ಅವನ ಚಡ್ಡಿಯ ತುದಿಯನ್ನೂ ತಿಂದಿತು. ತೋಳು ಜೋಮು ಹಿಡಿಯಿತು.

ಎರಡನೆಯದಕ್ಕೆ ಎರಡು ಕಿವಿ. ಕಿವಿ ಹಿಡಿದು ಒತ್ತಿದರೆ ಹಲಗೆಯ ನಡುವಿಗೇ ಇಳಿಯಿತು. "ನಡುವೆ ಗುಂಡಿ ತೋಡೋಕೆ ಇವನು," ಅಂದಳು ಅಜ್ಜಿ. "ನಿನ್ನ ಮೇಜಿಗೆ ಗುಂಡಿ ಬೇಕಾ?"

"ಬೇಡ. ಅವ್ವ ನನ್ನನ್ನೇ ಹೂಳ್ತಾಳೆ."

ಮೂರನೆಯದು ತೆಂಗಿನಕಾಯಿಯಷ್ಟಿತ್ತು. ಜವರ ನಕ್ಕ. ಆದರೆ ಅದು ಒಂದೇ ಕೈಯಲ್ಲಿ ಕೂತಿತು, ಹೇಳಿದಲ್ಲಿಗೆ ಹೋಯಿತು.

"ಒಂದೇ ಸಲಕ್ಕೆ ಆಸೆಪಡಬೇಡ, ಮೂರು ಸಲ ತೆಳ್ಳಗೆ ಕೊರೆಸು," ಅಂದಳು ಅಜ್ಜಿ. "ಹಲ್ಲು ತಿರುಗೋದಕ್ಕೆ ಎದುರಾಗಿ ತಳ್ಳು. ಅದು ಎಳೆದ ಕಡೆಗೇ ಬಿಟ್ಟರೆ ನಿನ್ನನ್ನೂ ಎಳ್ಕೊಂಡು ಓಡುತ್ತೆ."

ಬೆಳಗ್ಗೆ ಜವರ ಮೇಜನ್ನು ಕಂಬಕ್ಕೆ ಬಿಗಿದು, ಆ ಪುಟ್ಟದರಿಂದ ಮೂರು ಅಂಚು ಮುಗಿಸಿದ. ನಾಲ್ಕನೆಯದು ಬಾಕಿ. ಮುದ್ದಿ ಹೊಸಿಲ ಹತ್ತಿರ ಗೋಡೆ ಹಿಡಿದು ಎದ್ದಳು. ಅಷ್ಟರಲ್ಲಿ ಚೂಪಾಸುರ ತನ್ನದೇ ಒಂದು ಎಮ್ಮೆ ಗಾತ್ರದ ರೌಟರನ್ನು ದಬ್ಬಿಕೊಂಡು ಒಳಗೆ ಬಂದ.

"ಏನೋ ಅದು, ಇಲಿಮರಿನಾ?" ಅಂದ. "ನನ್ನದರ ಹಲ್ಲು ಚೂಪಾಗೇ ಕೊರೆಯುತ್ತೆ. ಮುಗಿಸಿದ್ದನ್ನೆಲ್ಲ ಒಂದೇ ಉಸಿರಿಗೆ ಮತ್ತೆ ಚೂಪು ಮಾಡ್ತೀನಿ ನೋಡು."

ಜವರ ಕೈಮುಗಿದ. "ಮಾಡಿ ಸ್ವಾಮಿ. ಎದುರಾಗಿ ತಳ್ಳೋದೆಲ್ಲ ನಮ್ಮಂಥ ಬಡಪಾಯಿಗಳಿಗೆ. ನೀವು ಅದು ಎಳೆದ ಕಡೆಗೇ ಬಿಡಿ."

ಚೂಪಾಸುರ ಬಿಟ್ಟ. ಪ್ರಾಣಿ ಓಡಿತು. ಅವನ ಕಾಲು ನೆಲ ಬಿಟ್ಟಿತು, ಹಣೆ ನಾಲ್ಕನೆಯ ಅಂಚಿಗೆ ಬಡಿಯಿತು. ಅಲ್ಲೇ ಮರವಾದ.

ಮಂತ್ರ ಹಾಕಿದವನೇ ಮರವಾದ ಮೇಲೆ ಮಕ್ಕಳ ಮೇಲಿನ ಮಂತ್ರ ಬಿಟ್ಟುಹೋಯಿತು. ಹೊರಗೆ ಅವನ ಗಾಡಿಯಲ್ಲಿ ಗೊಂಬೆಗಳು ಜೀವ ಬಂದು ಒಂದೊಂದಾಗಿ ಅಳತೊಡಗಿದವು. ತಾಯಂದಿರು ಓಡಿ ಬಂದು ತಮ್ಮ ತಮ್ಮ ಮಕ್ಕಳನ್ನು ಆರಿಸಿಕೊಂಡರು. ಮುದ್ದಿ ಮೇಜಿನತ್ತ ನಾಲ್ಕು ಹೆಜ್ಜೆ ಇಟ್ಟಳು, ಬಿದ್ದಳು, ಉರುಟಾದ ಅಂಚು ತಾಗಿ ಹಣೆಯಲ್ಲಿ ಸಣ್ಣ ಬುಗುಟು ಎದ್ದಿತು, ಅಷ್ಟೇ.

"ಇವನನ್ನೇನು ಮಾಡೋದು?" ಮರದ ಚೂಪಾಸುರನನ್ನು ನೋಡಿ ಅವ್ವ ಕೇಳಿದಳು. "ಆ ಮೂಗು ಮಕ್ಕಳ ಕಣ್ಣಿಗೆ ಚುಚ್ಚುತ್ತೆ."

ಜವರ ಪುಟ್ಟ ರೌಟರನ್ನು ಎತ್ತಿಕೊಂಡು ಮೂರು ಸಲ ತೆಳ್ಳಗೆ ಓಡಿಸಿದ. ಮೂಗು ಗೋಲಿಯಂತಾಯಿತು. ಇಂದಿಗೂ ಮೂಲೆಪುರದವರು ಅದಕ್ಕೆ ಟವೆಲ್ ನೇತುಹಾಕಿ, ಹೊಟ್ಟೆತುಂಬ ಉಂಡು, ನೆಮ್ಮದಿಯಾಗಿದ್ದಾರೆ.